ಸಾನ್ಸಾಕ್‌ಗೆ ಏಳು ದಿನ

"ಏಯ್! ನಿಂತ್ಕೊಳ್ರೀ! ನಿಮ್ಮನ್ನೇ ಕರೀತಿರೋದು!"

ಸೋಗ್ ಊರು ದಾಟಿ ಒಂದು ಗಂಟೆಯ ದಾರಿ ನಡೆದಿದ್ದ ಆ ಮನುಷ್ಯ, ಹಳದಿ ಹೂಬಿಟ್ಟ ಪೊದೆಗಳ ನಡುವೆ ನಿಂತು ತಿರುಗಿ ನೋಡಿದ. ಮಾಯಿತೆ ಓಡಿಕೊಂಡು ಬರುತ್ತಿದ್ದಳು. ಬೆನ್ನಚೀಲ ಕುಪ್ಪಳಿಸುತ್ತಿತ್ತು, ಮುಖ ಕೆಂಪೇರಿತ್ತು, ಒಂದು ಬೂಟಿನೊಳಗೆ ಬರಿಗಾಲು.

"ನನ್ನ ಕಾಲುಚೀಲ ಬಿಚ್ಚಿ."

"ಏನಂದ್ರಿ?"

"ಕಾಲುಚೀಲ ರೀ! ಛತ್ರದ ಹಿತ್ತಲಲ್ಲಿ ಹಗ್ಗದ ಮೇಲೆ ಒಣಗೋಕೆ ಹಾಕಿದ್ದೆ. ಬೂದು ಬಣ್ಣ, ಮೇಲ್ಗಡೆ ಕೆಂಪು ಪಟ್ಟಿ. ಒಂದಿದೆ, ಇನ್ನೊಂದಿಲ್ಲ. ನನಗಿಂತ ಮುಂಚೆ ಹೊರಟೋರು ನೀವೊಬ್ಬರೇ. ಅಂದ್ಮೇಲೆ ಕಳ್ಳ ಯಾರು?"

ಅವನು ವಾದ ಮಾಡಲಿಲ್ಲ. ಹೊಲದ ಕಲ್ಲುಗೋಡೆಯ ಮೇಲೆ ಕುಳಿತು ಎರಡೂ ಬೂಟು ಬಿಚ್ಚಿದ. ಎಡಗಾಲಲ್ಲಿ ಹಸಿರು ಪಟ್ಟಿಯ ಬೂದು ಕಾಲುಚೀಲ. ಬಲಗಾಲಲ್ಲಿ ಕೆಂಪು ಪಟ್ಟಿಯದು. ಎರಡನ್ನೂ ಅವನು ಬಹಳ ಹೊತ್ತು, ನ್ಯಾಯಾಧೀಶರ ಹಾಗೆ, ನೋಡಿದ.

"ನಾನೂ ಯೋಚನೆ ಮಾಡ್ತಿದ್ದೆ, ಬಲಗಾಲಿಗೆ ಮಾತ್ರ ಯಾಕೆ ಇಷ್ಟು ಬಿಗಿ ಅಂತ."

ಹಿಮ್ಮಡಿಯಲ್ಲಿ ಕಾಸಿನಗಲ ಬೊಬ್ಬೆ ಎದ್ದಿತ್ತು. ಮಾಯಿತೆ ಅದನ್ನು ನೋಡಿದಳು. ಬೈಯಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತೇಹೋದವು.

"ಕದ್ದದ್ದು ದಕ್ಕಲ್ಲ ಅಂತಾರಲ್ಲ, ನೋಡಿ," ಎಂದು ಗೊಣಗುತ್ತ ಚೀಲದಿಂದ ಸೂಜಿ, ದಾರ, ಔಷಧಿ ತೆಗೆದಳು. ಅವನ ಪಾದವನ್ನು ತನ್ನ ಮೊಣಕಾಲಿನ ಮೇಲಿಟ್ಟುಕೊಂಡಳು.

"ನೀವು ನರ್ಸಾ?"

"ಹಾಲಿನ ಟ್ಯಾಂಕರ್ ಓಡಿಸ್ತೀನಿ."

"ಮತ್ತೆ ಇದನ್ನೆಲ್ಲ ಎಲ್ಲಿ ಕಲಿತ್ರಿ?"

"ಹಸುಗಳ ಹತ್ರ. ಅವು ನಿಮ್ಮಷ್ಟು ಮಾತಾಡಲ್ಲ."

ಅವನು ನಕ್ಕ. ನಗು ಮೊದಲು ಕಣ್ಣಿಗೆ ಬಂದು, ಆಮೇಲೆ ಪುರುಸೊತ್ತಿನಲ್ಲಿ ತುಟಿಗೆ ಇಳಿಯಿತು. ಮಾಯಿತೆ ಬೇಗ ತಲೆ ತಗ್ಗಿಸಿ ಸೂಜಿಯ ಕಡೆ ನೋಡಿದಳು.

ಅವನ ಹೆಸರು ರೆಜಿಸ್. ಐವತ್ತೊಂದು ವರ್ಷ. ಎಸ್ತಾಂ ಊರಿನವನು. ಹಳೆಯ ಮನೆಗಳಿಗೂ ಚರ್ಚುಗಳಿಗೂ ಕಲ್ಲುಹಂಚಿನ ಛಾವಣಿ ಹೊದಿಸುವ ಕೆಲಸ. ಬೆರಳುಗಳ ಗೆರೆಗೆರೆಯಲ್ಲೂ ಕಲ್ಲಿನ ಬೂದು ಧೂಳು ಎಷ್ಟು ತೊಳೆದರೂ ಹೋಗದಂತೆ ಕೂತಿತ್ತು.

"ನಿಮ್ಮ ಇನ್ನೊಂದು ಕಾಲುಚೀಲ ಹಗ್ಗದ ಮೇಲೇ ಇದೆ," ಎಂದಳು ಮಾಯಿತೆ. "ತರಬೇಕು ಅಂತ ಅನಿಸ್ಲಿಲ್ಲ."

"ನ್ಯಾಯವೇ."

ಕೊನೆಗೆ ಅವಳೇ ತನ್ನ ಚೀಲದಿಂದ ಇನ್ನೊಂದು ಜೊತೆ ತೆಗೆದುಕೊಟ್ಟಳು. ನೇರಳೆ ಹೂಗಳಿದ್ದ, ಹಿಗ್ಗಿ ಸಡಿಲವಾದ ಜೊತೆ. ಅವನು ಅದನ್ನೇ ಹಾಕಿಕೊಂಡು ದಿನವಿಡೀ ನಡೆದ. ಎದುರಾದವರಿಗೆಲ್ಲ ಪ್ಯಾಂಟು ಎತ್ತಿ ತೋರಿಸಿದ.

*

ಫ್ರಾನ್ಸಿನಿಂದ ಸ್ಪೇನಿನ ಸಾಂತಿಯಾಗೋ ಚರ್ಚಿನವರೆಗೆ ಹೋಗುವ ಆ ಸಾವಿರದೈನೂರು ಕಿಲೋಮೀಟರಿನ ಯಾತ್ರೆಯ ದಾರಿಯನ್ನು ಒಂದೇ ಸಲಕ್ಕೆ ನಡೆಯುವಷ್ಟು ಬಿಡುವು ಯಾರಿಗಿದೆ? ವರ್ಷಕ್ಕೊಂದು ವಾರ ರಜೆ ಹಾಕಿ, ಹೋದ ವರ್ಷ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಮುಂದಕ್ಕೆ ನಡೆಯುವವರೇ ಹೆಚ್ಚು. ಮಾಯಿತೆಯೂ ಹಾಗೇ ಅಂದುಕೊಂಡು ಹೊರಟಿದ್ದಳು. ರೆಜಿಸ್ ಕೂಡ.

ಆ ವಾರದ ಕೊನೆಗೆ ಎಸ್ಪಾಲಿಯೋಂ ಊರಿನ ಹಳೆಯ ಸೇತುವೆಯ ಮೇಲೆ ಇಬ್ಬರೂ ನಿಂತಿದ್ದರು. ಕೆಳಗೆ ಲೋತ್ ನದಿ ಹಸಿರಾಗಿ ಹರಿಯುತ್ತಿತ್ತು.

"ಫೋನ್ ನಂಬರ್ ಕೊಡ್ತೀರಾ?" ಎಂದು ರೆಜಿಸ್ ಕೇಳಿದ. ನೀರಿನ ಕಡೆ ನೋಡಿಕೊಂಡೇ ಕೇಳಿದ.

ಮಾಯಿತೆ ಬೆನ್ನಚೀಲದ ಪಟ್ಟಿ ಬಿಗಿದಳು. ಹದಿನಾರು ವರ್ಷ ಗಂಡನ ಫೋನಿಗೆ ಕಾದು ಕಾದು ಅವಳ ಕಿವಿಗೆ ಮೌನದ ಬಗ್ಗೆಯೇ ಒಂದು ಭಯ ಹತ್ತಿತ್ತು. ವಿಚ್ಛೇದನವಾಗಿ ಎರಡು ವರ್ಷ. ಈಗೀಗ ಅಡುಗೆಮನೆಯಲ್ಲಿ ಒಬ್ಬಳೇ ಕೂತು, ಯಾವ ಸದ್ದಿಗೂ ಕಾಯದೆ, ಸೂಪು ಕುಡಿಯುವುದನ್ನು ಕಲಿತಿದ್ದಳು. ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

"ಬೇಡ. ಮುಂದಿನ ಮೇ ತಿಂಗಳು, ಎರಡನೇ ಶನಿವಾರ, ಬೆಳಿಗ್ಗೆ ಎಂಟು ಗಂಟೆ, ಇದೇ ಸೇತುವೆ. ಬಂದ್ರೆ ಬಂದ್ರಿ, ಇಲ್ಲಾಂದ್ರೆ ಇಲ್ಲ."

"ಮಧ್ಯೆ?"

"ಮಧ್ಯೆ ಏನೂ ಇಲ್ಲ. ಕಾಗದ ಇಲ್ಲ, ಫೋನ್ ಇಲ್ಲ. ಯಾರೂ ಯಾರಿಗೂ ಕಾಯ್ಬಾರದು."

ಮುಂದಿನ ವರ್ಷ ಅವಳು ಏಳು ಗಂಟೆಗೇ ಬಂದಳು. ಅವನು ಆಗಲೇ ಅಲ್ಲಿ ಕೂತು, ಪೊಟ್ಟಣದಿಂದ ರೊಟ್ಟಿ ಮುರಿದು ತಿನ್ನುತ್ತಿದ್ದ.

"ನಾನು ಕಾದಿಲ್ಲ," ಎಂದ. "ತಿಂಡಿ ತಿನ್ನೋಕೆ ಅಂತ ಬಂದೆ."

"ಎಷ್ಟು ಹೊತ್ತಿಂದ ತಿಂತಿದೀರಿ?"

"ಆರು ಗಂಟೆಯಿಂದ."

ಹೀಗೆ ವರ್ಷಗಳು ನಡೆದವು. ವರ್ಷಕ್ಕೊಂದು ವಾರ. ಫಿಜಾಕ್, ಕಾಓರ್, ಮ್ವಾಸಾಕ್. ರೆಜಿಸ್ ಊರು ಬಂದರೆ ಸಾಕು, ಛಾವಣಿಗಳನ್ನೇ ನೋಡುತ್ತ ನಡೆಯುತ್ತಿದ್ದ. ಮೆಟ್ಟಿಲು ಎಡವುತ್ತಿದ್ದ, ಚರಂಡಿಗೆ ಕಾಲಿಡುತ್ತಿದ್ದ. ಮಾಯಿತೆ ಅವನ ಮೊಣಕೈ ಹಿಡಿದು ಎಳೆಯಬೇಕಾಗುತ್ತಿತ್ತು.

"ಬರೀ ಮೇಲೆ ನೋಡ್ತೀರಲ್ಲ, ಸ್ವಲ್ಪ ಕೆಳಗೂ ನೋಡಿ."

"ಕೆಳಗೆ ಏನಿದೆ?"

"ನಾನಿದೀನಿ."

ಅಂದು ನಾಲಿಗೆ ಕಚ್ಚಿಕೊಂಡಳು. ಅವನ ಭುಜಕ್ಕೂ ಬಾರದಷ್ಟು ಗಿಡ್ಡ ಅವಳು. ತಮಾಷೆಗೆಂದೇ ಹೇಳಿದ್ದು. ಆದರೆ ಅವನು ನಿಂತು ಕೆಳಗೆ ನೋಡಿದ, ನೋಡುತ್ತಲೇ ಇದ್ದ. ಮುಂದಿನ ಊರು ಬರುವವರೆಗೆ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದರು.

ನಾಲ್ಕನೆಯ ವರ್ಷ ಮ್ವಾಸಾಕ್‌ನ ಛತ್ರದಲ್ಲಿ, ಹನ್ನೆರಡು ಜನರ ಊಟದ ಮೇಜಿನಲ್ಲಿ, ಅವಳು ಮಾತಿನ ಭರದಲ್ಲಿ ಕೈ ಚಾಚಿದಳು. "ಉಪ್ಪು ಕೊಡು."

ಮೂರು ವರ್ಷ "ನೀವು" "ತಾವು" ಅಂದ ಬಾಯಿ ಅದು. ರೆಜಿಸ್ ಉಪ್ಪಿನ ಡಬ್ಬಿ ಎತ್ತಿಕೊಂಡ, ಕೊಡಲಿಲ್ಲ.

"ಇನ್ನೊಂದ್ಸಲ ಕೇಳು."

"ಉಪ್ಪು."

"ಅಷ್ಟೇ ಅಲ್ಲ. ಪೂರ್ತಿ ಹೇಳು."

"ಉಪ್ಪು ಕೊಡೋ," ಎಂದಳು ಮಾಯಿತೆ. ಅವಳ ಕಿವಿಯ ತುದಿ ಕೆಂಪಾಗಿತ್ತು. ಅವನು ಡಬ್ಬಿ ಕೊಡುವಾಗ ಬೆರಳು ತಾಗಿತು, ತಾಗಿ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಅವತ್ತಿನ ಸಾರಿಗೆ ಉಪ್ಪು ಹೆಚ್ಚಾಯಿತು, ಇಬ್ಬರೂ ಗಮನಿಸಲಿಲ್ಲ.

ಆಡದೆ ಉಳಿದ ಒಂದು ಮಾತು ಇತ್ತು. ಅದನ್ನು ಮಾಯಿತೆ ಸಾಂತಿಯಾಗೋಗೆಂದು ಎತ್ತಿಟ್ಟಿದ್ದಳು. ದಾರಿ ಮುಗಿಯುವಲ್ಲಿ, ದೊಡ್ಡ ಚರ್ಚಿನ ಮುಂದೆ, ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುವಾಗ ಹೇಳುವುದು. ಅಲ್ಲಿ ಹೇಳಿದರೆ ಯಾರಿಗೂ ವಿಚಿತ್ರ ಅನಿಸದು. ಹೀಗೆ ನಡೆದರೆ ಇನ್ನೂ ಒಂಬತ್ತು ಹತ್ತು ವರ್ಷ ಬೇಕು. ಬೇಕಾದರೆ ಬೇಕು, ದಾರಿ ಎಲ್ಲಿಗೆ ಓಡಿಹೋಗುತ್ತದೆ?

ಐದನೆಯ ವರ್ಷ ಅದೂರ್ ನದಿಯ ದಡದ ಏರ್ ಊರಿಗೆ ಬಂದು ನಿಲ್ಲಿಸಿದರು. ಆ ವಾರ ಒಂದು ದಿಣ್ಣೆ ಹತ್ತುವಾಗ ಅವನು ಕೆಮ್ಮಿದ. "ಧೂಳು," ಎಂದ. ಅವಳು ನೀರಿನ ಬಾಟಲಿ ಕೊಟ್ಟಳು. ಇಬ್ಬರೂ ಅದನ್ನು ಮರೆತರು.

*

ಆರನೆಯ ವರ್ಷ ಎಂಟು ಗಂಟೆಗೆ ಅವನು ಏರ್ ಸೇತುವೆಯ ಮೇಲಿರಲಿಲ್ಲ. ಎಂಟೂವರೆಗೂ ಇಲ್ಲ. ಒಂಬತ್ತಕ್ಕೂ ಇಲ್ಲ.

ಮಾಯಿತೆ ಸೇತುವೆಯ ಉದ್ದ ಹೋದಳು, ಬಂದಳು. ಯಾರೂ ಯಾರಿಗೂ ಕಾಯಬಾರದು ಎಂದವಳು ತಾನೇ. ಕಾಯುತ್ತಿಲ್ಲ ಎಂದು ತನಗೇ ಹೇಳಿಕೊಂಡಳು. ಒಂಬತ್ತೂ ಮುಕ್ಕಾಲಿಗೆ ಒಂದು ಟ್ಯಾಕ್ಸಿ ಬಂದು ನಿಂತಿತು.

ಇಳಿದವನ ಕೋಟು ಅವಳಿಗೆ ಗೊತ್ತಿತ್ತು. ಕೋಟಿನೊಳಗಿದ್ದವನು ಅರ್ಧವಾಗಿದ್ದ. ಮೂಗಿನ ಕೆಳಗೆ ತೆಳ್ಳನೆಯ ಪಾರದರ್ಶಕ ಕೊಳವೆ. ಅದು ಬೆನ್ನಚೀಲದೊಳಗಿನ ಒಂದು ಆಮ್ಲಜನಕದ ಯಂತ್ರಕ್ಕೆ ಹೋಗಿತ್ತು. ಯಂತ್ರ ಎರಡು ಕ್ಷಣಕ್ಕೊಮ್ಮೆ ಉಸ್ ಎನ್ನುತ್ತಿತ್ತು.

"ಯಾತ್ರೆಗೆ ಯಾರಾದ್ರೂ ಟ್ಯಾಕ್ಸೀಲಿ ಬರ್ತಾರಾ?" ಎಂದಳು ಮಾಯಿತೆ.

"ತಡ ಆಯ್ತು. ಬಯ್ಬೇಡ."

"ಏನಿದು?"

"ಕಲ್ಲಿನ ಧೂಳು. ಮೂವತ್ತು ವರ್ಷ ಎಳ್ಕೊಂಡಿದ್ದು ಎದೇಲಿ ಕೂತ್ಬಿಟ್ಟಿದೆ. ತೆಗೆಯೋಕೆ ಬರಲ್ವಂತೆ."

"ಯಾವಾಗ ಗೊತ್ತಾಯ್ತು?"

"ನವೆಂಬರ್‌ನಲ್ಲಿ."

"ನವೆಂಬರ್! ಆರು ತಿಂಗಳು! ನನಗೆ ಒಂದು ಮಾತು..."

ಅಲ್ಲಿಗೆ ನಿಂತಳು. ಕಾಗದ ಇಲ್ಲ, ಫೋನ್ ಇಲ್ಲ. ಅವನು ಆಕ್ಷೇಪಿಸಲಿಲ್ಲ, ನೆನಪಿಸಲೂ ಇಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ನಿನ್ನ ಮನೆಹೆಸರೂ ಗೊತ್ತಿಲ್ಲ ನನಗೆ," ಎಂದ ಅವನು ಮೆಲ್ಲಗೆ. "ಇಡೀ ಕಾಂತಾಲ್ ಸೀಮೆಯ ಹಾಲಿನ ಟ್ಯಾಂಕರ್‌ಗಳನ್ನ ನಿಲ್ಲಿಸಿ ಕೇಳೋಣ ಅಂತಿದ್ದೆ. ಆಗ್ಲಿಲ್ಲ."

"ಡಾಕ್ಟರ್ ಏನಂತಾರೆ?"

"ನಡೀಬೇಡ ಅಂತಾರೆ. ಒಂದೇ ವಾರ ಅಂದೆ. ಅವರು ಕಿಟಕಿ ಕಡೆ ನೋಡಿದ್ರು." ಉಸಿರು ಎಳೆದುಕೊಂಡ. "ನಿಲ್ತಾ ನಿಲ್ತಾ ಹೋದ್ರೆ ದಿನಕ್ಕೆ ಮೂರು ಕಿಲೋಮೀಟರ್ ಆಗುತ್ತೆ ಮಾಯಿತೆ. ನೀನು ಮುಂದೆ ಹೋಗೋದಾದ್ರೆ..."

"ಸಾನ್ಸಾಕ್ ಚರ್ಚಿಗೆ ಇಲ್ಲಿಂದ ಇಪ್ಪತ್ತು," ಎಂದು ಅವಳು ಅಡ್ಡ ಬಂದಳು. ಗಟ್ಟಿಮುಟ್ಟಾದವರಿಗೆ ಅದು ಒಂದು ದಿನದ ನಡಿಗೆಯೂ ಅಲ್ಲ. "ನಮಗೆ ಏಳು ದಿನ ಇದೆ. ಆರಾಮಾಗಿ ಹೋಗ್ಬಹುದು."

ಅವನ ಬೆನ್ನಿಂದ ಯಂತ್ರದ ಚೀಲ ಬಿಡಿಸಿ ತನ್ನ ಬೆನ್ನಿಗೆ ಹಾಕಿಕೊಂಡಳು. ಕೊಳವೆ ಇದ್ದದ್ದು ಎರಡು ಮೀಟರ್. ಅದಕ್ಕಿಂತ ದೂರ ಒಬ್ಬರಿಂದೊಬ್ಬರು ಹೋಗುವ ಹಾಗೇ ಇರಲಿಲ್ಲ.

"ಐದು ವರ್ಷ ನನ್ನ ಬಿಟ್ಟು ಮುಂದೆ ಓಡ್ತಿದ್ದೆ," ಎಂದ ರೆಜಿಸ್. "ಈಗ ಓಡು ನೋಡೋಣ."

ನಗು ಮೊದಲು ಕಣ್ಣಿಗೇ ಬಂತು. ತುಟಿಗೆ ಇಳಿಯುವಷ್ಟರಲ್ಲಿ ಅವನಿಗೆ ಕೆಮ್ಮು ಬಂತು.

*

ಮಿರಾಮೋಂ ಊರಿನಲ್ಲಿ ಛತ್ರ ನಡೆಸುತ್ತಿದ್ದ ಜೋಸೆಟ್‌ಗೆ ಎಪ್ಪತ್ನಾಲ್ಕು ವರ್ಷ. ಬಾತುಕೋಳಿ ಸಾಕಿ ಬೆಳೆದ ಕೈ, ಯಾರಿಗೂ ಹೆದರದ ಬಾಯಿ. ಏಳು ದಿನವೂ ಇಬ್ಬರೂ ಅವಳ ಮನೆಯಲ್ಲೇ ಉಳಿದರು. ಬೆಳಿಗ್ಗೆ ತನ್ನ ಹಳೆಯ ವ್ಯಾನಿನಲ್ಲಿ, ಹಿಂದಿನ ದಿನ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಗೆ ಒಯ್ದು ಬಿಡುತ್ತಿದ್ದಳು. ಸಂಜೆಗೆ ಮೊದಲು ಬಂದು ಎತ್ತಿಕೊಳ್ಳುತ್ತಿದ್ದಳು.

"ಇವತ್ತು ಎಷ್ಟಾಯ್ತು?"

"ಮೂರು ಕಿಲೋಮೀಟರ್‌ಗೆ ಸ್ವಲ್ಪ ಮೇಲೆ," ಎನ್ನುತ್ತಿದ್ದ ರೆಜಿಸ್.

"ನಮ್ಮ ಬಾತುಕೋಳಿಗಳೇ ಇದಕ್ಕಿಂತ ಜೋರಾಗಿ ಹೋಗ್ತವೆ. ಹತ್ತಿ ಹತ್ತಿ, ಸಾರು ಆರಿಹೋಗುತ್ತೆ."

ಎಲೆಕೋಸು, ಬಾತುಕೋಳಿ ಹಾಕಿದ ದಪ್ಪ ಸಾರಿನಲ್ಲಿ ಒಳ್ಳೆಯ ತುಂಡುಗಳನ್ನೆಲ್ಲ ಅವನ ತಟ್ಟೆಗೇ ಬಡಿಸುತ್ತಿದ್ದಳು. ಅವನು ತಿನ್ನಲಾರದೆ ಉಳಿಸಿದ್ದನ್ನು ಏನೂ ಅನ್ನದೆ ಎತ್ತಿಕೊಂಡು ಹೋಗುತ್ತಿದ್ದಳು. ಅಷ್ಟು ಮಾತಿನ ಹೆಂಗಸು ಅದೊಂದರ ಬಗ್ಗೆ ಮಾತಾಡಲಿಲ್ಲ.

ಏರ್ ದಾಟಿದರೆ ಉದ್ದಕ್ಕೂ ಜೋಳದ ಹೊಲ. ಮೇ ತಿಂಗಳಲ್ಲಿ ಪೈರು ಇನ್ನೂ ಬೆರಳುದ್ದ. ಎಲ್ಲರೂ ಬೇಸರವೆಂದು ಬಿರಬಿರನೆ ದಾಟುವ ಬಯಲು ಅದು. ಇವರಿಬ್ಬರೂ ಇನ್ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಹಿಂದಿನಿಂದ ಬಂದ ಯಾತ್ರಿಕರು "ಒಳ್ಳೇ ದಾರಿ ಆಗ್ಲಿ!" ಎಂದು ಹೇಳಿ ದಾಟಿ, ಚುಕ್ಕೆಯಾಗಿ, ಮಾಯವಾಗುತ್ತಿದ್ದರು.

"ಅವರಿಗೆಲ್ಲ ಎಲ್ಲಿಗೆ ಅಷ್ಟು ಅವಸರ?" ಎಂದ ರೆಜಿಸ್ ಮೂರನೆಯ ದಿನ, ಮರದ ದಿಮ್ಮಿಯ ಮೇಲೆ ಕೂತು.

"ನಾವೂ ಹಾಗೇ ಹೋಗ್ತಿದ್ವಿ."

"ನೀನು ಹೋಗ್ತಿದ್ದೆ. ನಾನು ನಿನ್ನ ಹಿಂದೆ ಬರ್ತಿದ್ದೆ." ಅವನು ಅವಳ ಕತ್ತಿನ ಕಡೆ ಬೆರಳು ತೋರಿದ. "ಐದು ವರ್ಷ ನಾನು ನೋಡಿದ್ದು ಇದನ್ನೇ. ಇಲ್ಲೊಂದು ಮಚ್ಚೆ ಇದೆ. ನಿನಗೆ ಗೊತ್ತಾ?"

"ನನ್ನ ಕತ್ತಿನ ಹಿಂದೆ ನಾನು ಹೇಗೆ ನೋಡ್ಲಿ?"

"ಇದೆ. ನನ್ನ ಮಾತು ನಂಬು."

ಅವಳು ಕೈ ಹಿಂದೆ ಹಾಕಿ ತಡಕಿದಳು. ಅವನು ಅವಳ ಬೆರಳು ಹಿಡಿದು ಮಚ್ಚೆಯ ಮೇಲಿಟ್ಟ. ಯಂತ್ರ ಉಸ್ ಎಂದಿತು. ಮತ್ತೆ ಉಸ್ ಎಂದಿತು.

ಐದನೆಯ ದಿನ ಅವನ ತುಟಿ ನೀಲಿಗಟ್ಟಿತು. ಅಂದು ಒಂದೂವರೆ ಕಿಲೋಮೀಟರಿಗೇ ನಿಲ್ಲಬೇಕಾಯಿತು. ಜೋಸೆಟ್ ಬರುವವರೆಗೆ ಮಾಯಿತೆ ಹೊಲದಂಚಿನಲ್ಲಿ ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಳು. ಅವನ ಒಂದೊಂದು ಉಸಿರೂ ಅವಳ ಬೆನ್ನಿಗೆ ತಿಳಿಯುತ್ತಿತ್ತು. ಸಾಕು, ಇಲ್ಲಿಗೆ ಬಿಡೋಣ ಎನ್ನಬೇಕೆಂದು ಬಾಯಿಗೆ ಬಂತು.

"ಅನ್ಬೇಡ," ಎಂದ ಅವನು, ಅವಳು ಇನ್ನೂ ಬಾಯಿ ತೆರೆಯುವ ಮೊದಲೇ.

ಏಳನೆಯ ದಿನ ಮಧ್ಯಾಹ್ನ ಸಾನ್ಸಾಕ್ ಮುಟ್ಟಿದರು. ಹೊಲಗಳ ನಡುವೆ ಒಂಟಿಯಾಗಿ ನಿಂತ ಪುಟ್ಟ ಹಳೆಯ ಚರ್ಚು. ಒಳಗೆ ತಂಪು. ರೆಜಿಸ್ ಬೆಂಚಿನ ಮೇಲೆ ಒರಗಿ ತಲೆಯೆತ್ತಿದ. ಮೇಲೆ ಮರದ ತೊಲೆಗಳು ಮಗುಚಿ ಹಾಕಿದ ದೋಣಿಯ ಹಾಗೆ ಬಾಗಿದ್ದವು.

"ಯಾರು ಮಾಡಿದ್ರೋ," ಎಂದ. "ಒಳ್ಳೇ ಕೆಲಸಗಾರ."

ಇನ್ನೂ ಮೇಲೆ ನೋಡುತ್ತಲೇ ಹೇಳಿದ: "ಸಾಂತಿಯಾಗೋದಲ್ಲಿ ಹೇಳೋಣ ಅಂತಿದ್ದೆ."

"ಏನನ್ನ?"

"ಗೊತ್ತಿದ್ದೂ ಕೇಳ್ತೀಯಾ?"

"ಕೇಳ್ತೀನಿ. ಬಾಯಿಬಿಟ್ಟು ಹೇಳು."

"ನಿನ್ನ... ಕಂಡ್ರೆ... ನನಗೆ..."

"ನಿಧಾನ. ಉಸಿರು ತಗೊಂಡು ಹೇಳು."

"ಉಸಿರು ತಗೊಳೋಕೆ ಹೋದ್ರೆ ಧೈರ್ಯ ಹೋಗುತ್ತೆ," ಎಂದ ರೆಜಿಸ್. ಆಮೇಲೆ ಒಂದೇ ಸಮ ಹೇಳಿಬಿಟ್ಟ. "ನಿನ್ನ ಕಂಡ್ರೆ ಜೀವ ನನಗೆ. ಆ ಕಲ್ಲುಗೋಡೆ ಮೇಲೆ ನನ್ನ ಕಾಲು ಹಿಡ್ಕೊಂಡು ಹಸುಗೆ ಹೋಲಿಸಿದೆಯಲ್ಲ, ಆವತ್ತಿಂದ."

ಮಾಯಿತೆ ಅವನ ಕೈ ತೆಗೆದುಕೊಂಡಳು. ಬೆರಳ ಗೆರೆಗಳಲ್ಲಿ ಧೂಳು ಇನ್ನೂ ಹಾಗೇ ಇತ್ತು. ಈ ಸಲ ಅದನ್ನು ಕಂಡು ಅವಳಿಗೆ ಸಿಟ್ಟು ಬಂತು, ಆ ಬೆರಳುಗಳಿಗೆ ಮುತ್ತಿಟ್ಟಳು.

"ನಾನೂ ಅಲ್ಲೇ ಹೇಳೋಣ ಅಂತಿದ್ದೆ," ಎಂದಳು. "ಎಂಥ ಪೆದ್ದರು ನಾವಿಬ್ಬರೂ. ಮನೆಯಲ್ಲೇ ಹೇಳೋ ಮಾತಿಗೆ ಸಾವಿರದೈನೂರು ಕಿಲೋಮೀಟರ್ ಬೇಕಿತ್ತಾ?"

ಅವನು ನಗಲಿಲ್ಲ. "ಇನ್ಮೇಲೆ ನೀನೊಬ್ಬಳೇ ಮುಂದೆ ಹೋಗು. ನನ್ನನ್ನ ಜೋಸೆಟ್ ಸ್ಟೇಷನ್‌ಗೆ ಬಿಡ್ತಾರೆ."

"ನನ್ನನ್ನೂ ಬಿಡ್ತಾರೆ. ಅದೇ ರೈಲು."

"ಬೇಡ ಮಾಯಿತೆ. ನಾನು ಸಾಯೋದನ್ನ ನೋಡೋಕೆ ಬರ್ಬೇಡ."

"ಅದನ್ನ ನೋಡೋಕೆ ಯಾರು ಬರ್ತಾರೆ? ನಿನ್ನ ಅಡುಗೆಮನೆ ಹೇಗಿದೆ ಅಂತ ನೋಡ್ಬೇಕು. ಮಂಗಳವಾರ ನೀನು ಏನು ಮಾಡ್ತೀಯ ಅಂತ ನೋಡ್ಬೇಕು. ಆರು ಮೇ ತಿಂಗಳು ಕೊಟ್ಟಿದೀಯ, ಒಂದು ನವೆಂಬರ್ ಕೊಟ್ಟಿಲ್ಲ." ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. "ನಾನೇ ಬೇಡ ಅಂದಿದ್ದು. ಈಗ ನಾನೇ ಕೇಳ್ತಿದೀನಿ. ಕೊಡು."

ರೆಜಿಸ್ ತಲೆ ತಗ್ಗಿಸಿ ಅವಳನ್ನು ನೋಡಿದ. ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಜೋಸೆಟ್ ಬಾಗಿಲವರೆಗೆ ಬಂದು ಒಳಗೆ ಇಣುಕಿದಳು, ಬಂದ ಹಾಗೇ ಹಿಂದಿರುಗಿ, ವ್ಯಾನಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಳು.

*

ನವೆಂಬರ್ ಸಿಕ್ಕಿತು. ಅದಕ್ಕೆ ಮೊದಲು ಜೂನ್, ಜುಲೈ, ದ್ರಾಕ್ಷಿ ಕೊಯ್ಲು, ಮೊದಲ ಮಂಜು ಎಲ್ಲವೂ ಸಿಕ್ಕವು. ಎಸ್ತಾಂನ ಅವನ ಮನೆಯಲ್ಲಿ ಮಂಗಳವಾರಗಳಂದು ಅವನು ಕುರ್ಚಿಯಲ್ಲಿ ಕೂತೇ ಆಲೂಗಡ್ಡೆ ಸುಲಿಯುತ್ತಿದ್ದ, ಅವಳು ಚೀಸ್ ಬೆರೆಸಿ ಬೇಯಿಸುತ್ತಿದ್ದಳು, ಸೌಟಿಗೆ ಚೀಸು ಎಳೆ ಎಳೆಯಾಗಿ ಎದ್ದು ಬಂದರೆ ಇಬ್ಬರೂ ಗೆದ್ದವರಂತೆ ಕಿರುಚುತ್ತಿದ್ದರು. ಸಣ್ಣಪುಟ್ಟದಕ್ಕೆ ಜಗಳವಾಡಿದರು. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಒಮ್ಮೆ ಅರ್ಧ ದಿನ ಮಾತು ಬಿಟ್ಟರು. ಅದೂ ಅವಳಿಗೆ ಸಿರಿಯಂತೆಯೇ ಕಂಡಿತು.

ಡಿಸೆಂಬರ್‌ನಲ್ಲಿ ಅವನು ಮೆಟ್ಟಿಲಿಳಿಯಲಾರದಾದ. ಮದುವೆಗಳನ್ನು ನಡೆಸಿಕೊಡುವ ಊರಿನ ಮೇಯರ್ ತಾವೇ ಮನೆಗೆ ಬಂದು, ಅಧಿಕಾರದ ಮೂರು ಬಣ್ಣದ ಪಟ್ಟಿ ಹೆಗಲಿಗೆ ಹಾಕಿಕೊಂಡು, ಅಡುಗೆಮನೆಯಲ್ಲೇ ಅವರಿಬ್ಬರ ಮದುವೆ ಮಾಡಿಸಿದರು. ಕಾನೂನಿನ ಕಲಮುಗಳನ್ನು ಓದುತ್ತಿರುವಾಗ ರೆಜಿಸ್ "ಸ್ವಲ್ಪ ಬೇಗ ಓದಿ ಸ್ವಾಮಿ," ಎಂದ. ಎಲ್ಲರೂ ನಕ್ಕರು. ಮೇಯರ್ ಕೂಡ ನಕ್ಕರು, ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು.

ಜನವರಿ ಹತ್ತೊಂಬತ್ತರ ಬೆಳಿಗ್ಗೆ ಅವಳು ರೊಟ್ಟಿ ತರಲು ಹೋಗಿ ಬಂದಳು. ಹತ್ತು ನಿಮಿಷವೂ ಆಗಿರಲಿಲ್ಲ. ಯಂತ್ರ ಉಸ್ ಎನ್ನುತ್ತಲೇ ಇತ್ತು. ಅವನು ಹೋಗಿದ್ದ. ಅವಳು ಯಂತ್ರವನ್ನು ಮಧ್ಯಾಹ್ನದವರೆಗೂ ಆರಿಸಲಿಲ್ಲ.

*

ಮೇ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಎಂಟಕ್ಕೆ ಮಾಯಿತೆ ಏರ್ ಸೇತುವೆಯಿಂದ ಹೊರಟಳು. ಬರುವುದನ್ನು ಜೋಸೆಟ್‌ಗೆ ಮೊದಲೇ ತಿಳಿಸಿದ್ದಳು. ಹೋದ ವರ್ಷ ನಿಲ್ಲಿಸಿದ ಸಾನ್ಸಾಕ್‌ನಿಂದಲೇ ಶುರು ಮಾಡಬಹುದಿತ್ತು. ಆದರೆ ಆ ಇಪ್ಪತ್ತು ಕಿಲೋಮೀಟರನ್ನು ಇನ್ನೊಂದು ಸಲ ನೋಡಬೇಕು, ಪ್ರತಿ ಜಾಗದಲ್ಲೂ ನಿಲ್ಲಬೇಕು ಅಂದುಕೊಂಡಿದ್ದಳು.

ಕಾಲುಗಳು ಕೇಳಲಿಲ್ಲ. ವರ್ಷಗಟ್ಟಲೆ ಬೆಟ್ಟ ಹತ್ತಿದ ಕಾಲುಗಳು, ಬೆನ್ನ ಮೇಲೆ ಹಗುರ ಚೀಲ, ಮುಂದೆ ಸಮತಟ್ಟು ದಾರಿ. ಮೊದಲ ದಿನದ ದಾರಿ ಅರ್ಧ ಗಂಟೆಯಲ್ಲಿ ಮುಗಿಯಿತು. ಮಚ್ಚೆ ತೋರಿಸಿದ ಮರದ ದಿಮ್ಮಿ ಬಂತು, ನಿಂತಳು, ಕೂರಲು ಮನಸ್ಸಾಗದೆ ಹೊರಟಳು. ಅವನ ತುಟಿ ನೀಲಿಗಟ್ಟಿದ ಜಾಗ ಯಾವುದೆಂದು ಹುಡುಕುತ್ತಿರುವಾಗಲೇ ಅದನ್ನು ದಾಟಿಬಿಟ್ಟಿದ್ದಳು. ಹನ್ನೆರಡೂವರೆಗೆ ಸಾನ್ಸಾಕ್ ಚರ್ಚು ಎದುರಿಗಿತ್ತು.

ಏಳು ದಿನದ ದಾರಿ ಊಟದ ಹೊತ್ತಿಗೆ ಮೊದಲೇ ಮುಗಿದುಹೋಗಿತ್ತು.

ಮಣ್ಣು ಮಾಡಿದ ದಿನ ಅವಳು ಅತ್ತಿರಲಿಲ್ಲ. ಅವನ ಬಟ್ಟೆಗಳನ್ನು ಮಡಿಸಿಟ್ಟ ದಿನವೂ ಅತ್ತಿರಲಿಲ್ಲ. ಈಗ ಚರ್ಚಿನ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತು, ಮೊಣಕಾಲಿಗೆ ಮುಖ ಒತ್ತಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು. ದಾರಿ ಅಷ್ಟು ಸಲೀಸಾಗಿ ಮುಗಿದದ್ದಕ್ಕೆ ಅತ್ತಳು. ಉಸಿರು ಒಂದಿಷ್ಟೂ ಕಟ್ಟದೆ ಬಂದದ್ದಕ್ಕೆ ಅತ್ತಳು.

ಎಷ್ಟೋ ಹೊತ್ತಿನ ಮೇಲೆ ವ್ಯಾನು ಬಂದು ನಿಂತ ಸದ್ದಾಯಿತು. ಜೋಸೆಟ್ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತಳು. ಎಷ್ಟಾಯ್ತು ಎಂದು ಈ ಸಲ ಕೇಳಲಿಲ್ಲ. ಏಪ್ರನ್ನಿನ ತುದಿಯಿಂದ ಅವಳ ಮುಖ ಒರೆಸಿದಳು, ಮಕ್ಕಳಿಗೆ ಒರೆಸುವ ಹಾಗೆ, ಮೂಗನ್ನೂ ಸೇರಿಸಿ.

"ನಾಳೆ ಮುಂದಕ್ಕೆ ಹೋಗ್ತೀಯಾ ಮಗಳೇ?"

ಮಾಯಿತೆ ದಾರಿಯ ಕಡೆ ನೋಡಿದಳು. ಅದು ಹೊಲ ದಾಟಿ, ಇಳಿದು, ಮತ್ತೆ ಏರಿ, ಪಡುವಣದ ದಿಣ್ಣೆಯ ಹಿಂದೆ ಹೋಗಿತ್ತು.

"ಹೋಗ್ತೀನಿ," ಎಂದಳು. "ನಾಳೆ ಬೇಡ. ನಾಳೆ ಇಲ್ಲೇ ಇರ್ತೀನಿ."

"ಇರು. ಮನೇಲಿ ಸಾರಿದೆ," ಎಂದಳು ಜೋಸೆಟ್. ಇಬ್ಬರೂ ಏಳಲಿಲ್ಲ.